ಗೋಣಿತಾಟಿನ ಕಿಟಕಿ

ರಾಜಕೋಟಿನ ವಶ್ರಾಮ್‌ಭಾಯಿಯ ಕುಲುಮೆಗೆ ಕಿಟಕಿಯೇ ಇರಲಿಲ್ಲ. ಮರೆತಿದ್ದಲ್ಲ, ಮಹಾರಾಯ ಬೇಕೆಂದೇ ಇಡಿಸಿರಲಿಲ್ಲ. ಕಡಿಮೆ ಬೆಲೆಯ ಒಡವೆ ಒತ್ತುವ ಸಣ್ಣ ಕಾರ್ಖಾನೆಯವರು ತಮ್ಮ ಉಕ್ಕಿನ ಅಚ್ಚುಗಳನ್ನು ಗಟ್ಟಿ ಮಾಡಿಸಲು ಅವನಲ್ಲಿಗೇ ಬರುತ್ತಿದ್ದರು. ದೊಡ್ಡ ಯಂತ್ರದವರ ಕೂಲಿ ಅವರ ಕೈಗೆಟಕುವಂಥದ್ದಲ್ಲ. ಇವನು ಅಚ್ಚನ್ನು ಇದ್ದಿಲ ಪುಡಿಯೊಂದಿಗೆ ಕಬ್ಬಿಣದ ಪೆಟ್ಟಿಗೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ದಿನವಿಡೀ ಕೆಂಡದಲ್ಲಿ ಕಾಯಿಸುತ್ತಿದ್ದ. ತೆಗೆದ ಅಚ್ಚು ದಾಳಿಂಬೆ ಕಾಳಿನ ಬಣ್ಣಕ್ಕೆ ಬಂದೊಡನೆ ಹಳೆಯ ಎಂಜಿನ್ ಎಣ್ಣೆಯಲ್ಲಿ ಅದ್ದಬೇಕು. ಆಗ ಮೈ ಕಲ್ಲಾಗುತ್ತದೆ, ಒಡಲು ಗಡುಸಾಗದೆ ಪೆಟ್ಟು ತಾಳುತ್ತದೆ. ಬೆಳಕಿದ್ದರೆ ಕೆಂಪು ಮಂಕಾಗಿ ಕಂಡು ಕಣ್ಣು ಮೋಸಹೋಗುತ್ತದೆ, ಕಾವು ಮೀರಿ ಅಚ್ಚು ಬಿರಿಯುತ್ತದೆ. ಅದಕ್ಕೇ ಆ ಕತ್ತಲೆ.

ಆ ಕತ್ತಲೆಯಲ್ಲಿ ಕೆಂಡಕ್ಕೆ ಗಾಳಿ ಊದುವ ತಿದಿಯ ಚಕ್ರ ತಿರುಗಿಸುತ್ತಿದ್ದವಳು ಹೆಂಡತಿ ಉಜೀಬೆನ್. ಎಣ್ಣೆಯ ಹೊಗೆಯೆಲ್ಲ ಅವಳ ಎದೆಗೇ ಇಳಿಯುತ್ತಿತ್ತು.

"ಏನ್ರೀ, ಒಂದು ಕಿಟಕಿ ಇಡ್ಸಿ. ಗೋಣಿತಾಟು ನೇತುಹಾಕೋಣ. ಬಣ್ಣ ನೋಡೋವಾಗ ಇಳಿಬಿಡೋದು, ಅದ್ದಿದ್ಮೇಲೆ ಎತ್ತೋದು."

"ಬಂದ್ಳಪ್ಪಾ ನನ್ನ ಗುರು! ನಮ್ಮಪ್ಪ, ತಾತ ಎಲ್ಲಾ ಕತ್ತಲೇಲೇ ಮಾಡಿದ್ದು. ನೀನು ರೊಟ್ಟಿ ಬಣ್ಣ ನೋಡ್ಕೋ ಹೋಗು."

"ರೊಟ್ಟಿ ಸೀದ್ರೆ ಇನ್ನೊಂದು ತಟ್ತೀನಿ. ಎದೆ ಸೀದ್ರೆ?"

ವಶ್ರಾಮ್ ನಕ್ಕುಬಿಟ್ಟ. ಆ ಹಾಳು ನಗು ಈಗ ಅವನಿಗೇ ಮುಳ್ಳಾಗಿದೆ. ಅವಳಿಗೆ ಕೆಮ್ಮು ಹತ್ತಿದಾಗ ಡಾಕ್ಟರು ಹೊಗೆಯ ಹತ್ತಿರ ಸುಳಿಯಬೇಡ ಎಂದರು. "ಚಕ್ರ ಯಾರು ತಿರುಗಿಸ್ತಾರೆ?" ಎನ್ನುತ್ತಾ ಅವಳು ಮತ್ತೆ ಬಂದು ಕೂತಳು. ಅವನೂ ಬೇಡವೆನ್ನಲಿಲ್ಲ. ಹೋಳಿ ಹಬ್ಬಕ್ಕೆ ಮುಂಚೆ ಉಜೀಬೆನ್ ತೀರಿಕೊಂಡಳು.

ಸೂತಕ ಕಳೆದ ಮೇಲೆ ವಶ್ರಾಮ್ ತಾನೇ ಉಳಿ ಹಿಡಿದು ಗೋಡೆ ಒಡೆದ. ಅವಳ ಕೆಮ್ಮು ತುಂಬಿದ್ದ ಆ ಕತ್ತಲಲ್ಲಿ ಕೂರುವುದು ಅವನಿಂದಾಗಲಿಲ್ಲ. ಗೋಣಿತಾಟು ಕಟ್ಟಿದ. ಅಚ್ಚು ಹೊರತೆಗೆದಾಗ ಇಳಿಬಿಟ್ಟ. ದಾಳಿಂಬೆ ಬಣ್ಣ ಸ್ಪಷ್ಟವಾಗಿ ಕಂಡಿತು. ಅದ್ದಿ, ತಾಟು ಎತ್ತಿದ. ಹೊಗೆ, ಹೇಳಿದಂತೆ ಕೇಳುವ ಕೂಸಿನ ಹಾಗೆ, ಹೊರಗೆ ಹೋಯಿತು. ಅಚ್ಚಿನ ಮೇಲೆ ಅರ ಎಳೆದರೆ ಕಚ್ಚಲಿಲ್ಲ, ಜಾರಿತು. ಕೆಲಸ ಪಕ್ಕಾ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಚ್ಚು ಒಯ್ಯಲು ಬಂದ ಗಿರಾಕಿ ಕಿಟಕಿ ನೋಡಿ ಬೆರಗಾದ. "ಒಂದೂ ಬಿರಿದಿಲ್ಲವಲ್ಲ ಕಾಕಾ! ಯಾರ ಉಪಾಯ ಇದು?"

"ನಮ್ಮನೆಯವಳ್ದು," ಎಂದ ವಶ್ರಾಮ್. "ಅವಳು ಹೇಳ್ದಾಗ್ಲೇ ಕೇಳಿದ್ರೆ, ಚಹಾನೂ ಅವಳೇ ತಂದ್ಕೊಡ್ತಿದ್ಲು ನಿನಗೆ."

ಗಿರಾಕಿ ಅಚ್ಚುಗಳನ್ನು ಚೀಲಕ್ಕೆ ತುಂಬಿಕೊಂಡ.