ಎರಡನೇ ಕುರ್ಚಿಯ ಬಾಡಿಗೆ

ಸರ್ಕಾರಿ ನೌಕರನ ನಿವೃತ್ತಿಯ ದಿನ ಅವನು ಕೆಲಸಕ್ಕೆ ಸೇರಿದ ದಿನವೇ ಗೊತ್ತಾಗಿರುತ್ತದೆ. ದಿನ ಬಂತು, ನಾಲ್ಕು ಒಳ್ಳೆಯ ಮಾತಾಡಿದರು, ಒಂದು ಗೋಡೆ ಗಡಿಯಾರ ಕೈಗಿಟ್ಟರು, ಮುಗಿಯಿತು. ಕ್ಷೌರದಂಗಡಿ ಇಟ್ಟುಕೊಂಡವನಿಗೆ ಆ ಸುಖ ಇಲ್ಲ. ಆದೇಶ ಹೊರಡಿಸಬೇಕಾದವನೂ ಅವನೇ, ಅದಕ್ಕೆ ತಲೆಬಾಗಿ ಮನೆಗೆ ಹೋಗಬೇಕಾದವನೂ ಅವನೇ. ಹಾಗಾಗಿ ಹೆಚ್ಚಿನವರು ಆ ಗೋಜಿಗೇ ಹೋಗುವುದಿಲ್ಲ. ಕತ್ತರಿ ಕೈಜಾರಿ ಬೀಳುವ ತನಕ ನಿಂತೇ ಇರುತ್ತಾರೆ.

ನಮ್ಮ ಯಜಮಾನರಿಗೆ ಹಾಗೆ ಆಗುವುದು ಬೇಡವಾಗಿತ್ತು. ಯಜಮಾನರೆಂದರೆ ಮಹಾ ಸಾಹುಕಾರರೇನಲ್ಲ. ಎರಡು ಕುರ್ಚಿ, ಎರಡು ಕನ್ನಡಿ, ಕಾಯುವವರಿಗೊಂದು ಉದ್ದ ಬೆಂಚು ಇರುವ ಅಂಗಡಿಯ ಯಜಮಾನರು. ಆದರೆ ಆ ಕೋಣೆ ಸ್ವಂತದ್ದು, ಬೆವರು ಸುರಿಸಿ ಕೊಂಡದ್ದು. ಪ್ರಾಯದಿಂದಲೂ ಊರಿನವರನ್ನೆಲ್ಲ ಕೂರಿಸಿ ತಾವು ನಿಂತವರು ಅವರು. ಈಗ ಮೊಣಕಾಲು ಮಾತಾಡಲು ಶುರುಮಾಡಿತ್ತು. ಸಂಜೆ ಬಾಗಿಲೆಳೆದು ಮೂರು ಮೆಟ್ಟಿಲು ಇಳಿಯುವಾಗ ಅದು ಆಡುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬಿಡುವುದೇನೋ ಸರಿ, ಬಿಟ್ಟ ಮೇಲೆ ಹೊಟ್ಟೆಗೇನು? ಈ ಪ್ರಶ್ನೆ ಅವರ ಹೆಂಡತಿಯದು. ಆ ಮನೆಯ ದುಡ್ಡಿನ ಮಾತುಗಳೆಲ್ಲ ನಡೆಯುತ್ತಿದ್ದದ್ದು ಒಂದೇ ಜಾಗದಲ್ಲಿ: ಬಚ್ಚಲಮನೆಯಲ್ಲಿ, ತಿಂಗಳಿಗೊಂದು ರಜೆಯ ದಿನ, ಆಕೆ ಗಂಡನ ಕೂದಲು ಕತ್ತರಿಸುವಾಗ. ಕ್ಷೌರಿಕ ತನ್ನ ತಲೆಯನ್ನು ತಾನೇ ಕತ್ತರಿಸಿಕೊಳ್ಳಲಾರನಲ್ಲ. ಮದುವೆಯಾದ ಹೊಸತರಲ್ಲಿ, ಅಂಗಡಿಯಲ್ಲಿ ಎರಡನೇ ಕುರ್ಚಿಯಿಲ್ಲದ ಕಾಲದಲ್ಲಿ, ಅವರೇ ಹೆಂಡತಿಯ ಕೈಗೆ ಕತ್ತರಿ ಕೊಟ್ಟು ಕಲಿಸಿದ್ದರು. ಆಕೆ ಅಂದಿನಿಂದ ಬಿಟ್ಟಿರಲಿಲ್ಲ. ಅವರನ್ನು ಗಿಡ್ಡ ಮಣೆಯ ಮೇಲೆ ಕೂರಿಸಿ, ಕುತ್ತಿಗೆಗೆ ಹಳೇ ಟವೆಲು ಸುತ್ತಿ, ಖರ್ಚಿನ ಮಾತು ತೆಗೆಯುತ್ತಿದ್ದಳು. ತಲೆ ಆಕೆಯ ಕೈಯಲ್ಲಿರುವಾಗ ಯಾವ ಗಂಡ ತಾನೇ ವಾದ ಮಾಡುತ್ತಾನೆ?

"ಮೊಬೈಲ್ ಅಂಗಡಿಯವನು ಕೋಣೆ ಕೇಳ್ತಿದಾನೆ," ಎಂದರು ಯಜಮಾನರು ಒಮ್ಮೆ. "ಒಂದೇ ಗಂಟು ಕೊಡ್ತಾನಂತೆ. ಕೊಟ್ಟು ಬಿಡೋಣ್ವಾ?"

"ತಲೆ ಬಗ್ಗಿಸಿ," ಎಂದಳು ಹೆಂಡತಿ. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು. ಗಂಟು ಕೈಗೆ ಬಂತೂಂದ್ರೆ ನಿಮ್ಮ ತಮ್ಮನಿಗೆ ಒಂದು ಕಷ್ಟ ಬರುತ್ತೆ, ನನ್ನ ಅಕ್ಕನ ಮನೆ ಸೋರೋಕೆ ಶುರುವಾಗುತ್ತೆ. ಈಗಿರೋ ಉಳಿತಾಯಕ್ಕೆ ಬರೋ ಬ್ಯಾಂಕಿನ ಬಡ್ಡಿ ಔಷಧಿಗೆ, ಕರೆಂಟಿಗೆ ಸರಿಹೋಗುತ್ತೆ. ಊಟಕ್ಕೆ ತಿಂಗಳು ತಿಂಗಳು ಬರೋ ದುಡ್ಡೇ ಬೇಕು. ಮಗಳ ಮುಂದೆ ಕೈಚಾಚೋಕೆ ನನಗಾಗಲ್ಲ, ಈಗಲೇ ಹೇಳಿದೀನಿ."

ತಿಂಗಳು ತಿಂಗಳು ಬರುವ ದುಡ್ಡೆಂದರೆ ಬಾಡಿಗೆ. ಬಾಡಿಗೆಗೆ ತಕ್ಕ ಮನುಷ್ಯನೂ ಅಂಗಡಿಯಲ್ಲೇ ಇದ್ದ. ಹದಿನಾರು ವರ್ಷದಿಂದ ಎರಡನೇ ಕುರ್ಚಿಯ ಹಿಂದೆ ನಿಂತವನು. ಬೆಂಚಿನ ಮೇಲಿನವರು ಅವನ ಹೆಸರು ಕೇಳುವ ತೊಂದರೆ ತೆಗೆದುಕೊಳ್ಳದೆ, ಅವನನ್ನೇ 'ಎರಡನೇ ಕುರ್ಚಿ' ಎನ್ನುತ್ತಿದ್ದರು. ಮಾತು ಕಡಿಮೆ, ಕೈ ಅಚ್ಚುಕಟ್ಟು. ತಲೆಗೂದಲು ನೆರೆಯತೊಡಗಿತ್ತು, ಮನೆಯಲ್ಲಿ ಓದುವ ಮಕ್ಕಳಿದ್ದರು.

ಯಜಮಾನರು ವಿಷಯ ಎತ್ತಿದಾಗ ಅವನು ಬಾಚಣಿಗೆ ತೊಳೆಯುತ್ತಿದ್ದ. ತೊಳೆದು ಮುಗಿಸಿಯೇ ಉತ್ತರ ಕೊಟ್ಟ.

"ಆಸೆಯೇನೋ ಇದೆ ಅಣ್ಣ. ಆದ್ರೆ ನಿಮ್ಮ ಗಿರಾಕಿಗಳು ನನ್ನ ಕುರ್ಚಿಗೆ ಬರಬೇಕಲ್ಲ? ಈಗ ನನ್ನ ಹತ್ರ ಬರೋ ಚಿಕ್ಕ ಹುಡುಗರ ಕೂದಲು ಕತ್ತರಿಸಿ ನಿಮಗೆ ಬಾಡಿಗೆ ಕೊಡೋಕಾಗುತ್ತಾ? ನೀವಿರುವಾಗ್ಲೇ ಅವರು ಬಂದು ಕೂತ್ರೆ ನಾನು ಧೈರ್ಯ ಮಾಡ್ತೀನಿ."

ನ್ಯಾಯವಾದ ಮಾತು. ಮಾರನೆಯ ದಿನದಿಂದಲೇ ಯಜಮಾನರು ಗಿರಾಕಿಗಳನ್ನು ಆ ಕಡೆ ಸಾಗಹಾಕಲು ನಿಂತರು. "ಅಲ್ಲಿ ಖಾಲಿ ಇದೆ ನೋಡಿ, ಕೂತ್ಕೊಳ್ಳಿ. ನನಗಿಂತ ಚೆನ್ನಾಗಿ ಮಾಡ್ತಾನೆ." ಗಿರಾಕಿಗಳು ನಗುತ್ತಿದ್ದರು, ಪತ್ರಿಕೆಯ ಪುಟ ತಿರುವುತ್ತಿದ್ದರು, ಬೆಂಚು ಬಿಟ್ಟು ಮಾತ್ರ ಏಳುತ್ತಿರಲಿಲ್ಲ. ಎಲ್ಲರಿಗಿಂತ ಮೊಂಡರು ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದ ಹಿರಿಯರು.

"ಎಷ್ಟೊತ್ತಾದ್ರೂ ಆಗ್ಲಿ ಯಜಮಾನ್ರೇ, ಕಾಯ್ತೀನಿ. ನಾನೇನು ರೈಲು ಹೊರಡಿಸಬೇಕಾ?"

'ಎರಡನೇ ಕುರ್ಚಿ' ತನ್ನ ಖಾಲಿ ಕುರ್ಚಿಯನ್ನು ಒರೆಸುತ್ತ ನಿಂತಿರುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಆಗ ಯಜಮಾನರ ತಲೆಗೊಂದು ಉಪಾಯ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು. ತಾವೇ ಕೆಟ್ಟದಾಗಿ ಕತ್ತರಿಸಿದರೆ ಜನ ತಾವಾಗಿಯೇ ಪಕ್ಕಕ್ಕೆ ಹೋಗುವುದಿಲ್ಲವೇ? ಕೆಟ್ಟದಾಗಿ ಕತ್ತರಿಸುವುದು ಸುಲಭವೆಂದುಕೊಳ್ಳಬೇಡಿ. ಪಳಗಿದ ಕೈಗೆ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ಗಾರ್ಡು ಸಾಹೇಬರ ಹಿಂದಲೆಯ ಕೂದಲಲ್ಲಿ ಏರುಪೇರಾಗಿ ಒಂದು ಮೆಟ್ಟಿಲು ಬಿಡಲು ನೋಡಿದರು. ಕೈ ತಾನಾಗಿಯೇ ಹೋಗಿ ಅದನ್ನು ಸರಿಮಾಡಿತು. ಮತ್ತೆ ಕೆಡಿಸಿದರು, ಮತ್ತೆ ಸರಿಯಾಯಿತು. ಕೊನೆಗೆ ಕಣ್ಣನ್ನು ಬೇರೆಡೆ ಹೊರಳಿಸಿ, ಹಲ್ಲು ಕಚ್ಚಿ ಕತ್ತರಿಯ ಒಂದು ಏಟು ಹಾಕಿದರು. ಆ ದಿನ ಅವರಿಗೆ ಊಟ ಸೇರಲಿಲ್ಲ. ಮನೆಗೆ ಬಂದವರು ನೇರ ಹೋಗಿ ಕಿಟಕಿಯ ಬಳಿ ಕೂತರು. ಕಳ್ಳತನ ಮಾಡಿ ಬಂದವರಿಗೂ ಅಷ್ಟು ಸಂಕಟ ಆಗಿರಲಾರದು.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಗಾರ್ಡು ಸಾಹೇಬರು ಟೋಪಿ ಹಾಕಿಕೊಂಡು ತಿಂಗಳು ತುಂಬುವ ಮೊದಲೇ ಬಂದರು. ಬೆಂಚಿನಲ್ಲಿ ಪಕ್ಕದವನ ಕಿವಿಯಲ್ಲಿ, ಅಂಗಡಿಗೆಲ್ಲ ಕೇಳುವಂತೆ ಹೇಳಿದರು: "ಪಾಪ, ಯಜಮಾನ್ರ ಕೈ ಸೋತಿದೆ ಕಣ್ರೀ. ಇಂಥ ಹೊತ್ತಲ್ಲಿ ನಾವೇ ಕೈಬಿಟ್ರೆ ಹೇಗೆ?" ಸುದ್ದಿ ಹರಡಿತು. ಹಳೇ ಗಿರಾಕಿಗಳು ಕೂದಲು ಬೆಳೆದಿರಲಿ ಬಿಡಲಿ ಬರತೊಡಗಿದರು. ಚಿಲ್ಲರೆ ವಾಪಸು ಕೊಡಹೋದರೆ "ಇರಲಿ ಇರಲಿ" ಎನ್ನುತ್ತಿದ್ದರು. ಜೀವಮಾನದಲ್ಲಿ ಯಾರಿಂದಲೂ 'ಪಾಪ' ಅನ್ನಿಸಿಕೊಳ್ಳದ ಮನುಷ್ಯ ಈಗ ದಿನಕ್ಕೆ ನಾಲ್ಕು ಸಲ ಅನ್ನಿಸಿಕೊಂಡರು. ಮೊಣಕಾಲಿಗೆ ಕೆಲಸ ಇಮ್ಮಡಿಯಾಯಿತು, ಪಕ್ಕದ ಕುರ್ಚಿ ಖಾಲಿಯೇ ಉಳಿಯಿತು.

ಯಜಮಾನರ ತಾಳ್ಮೆ ತಪ್ಪಿತು. ಮೆಟ್ಟಿಲು ಮಾಸದ ತಲೆ ಹೊತ್ತು ಮತ್ತೆ ಬಂದ ಗಾರ್ಡು ಸಾಹೇಬರ ಕುತ್ತಿಗೆಗೆ ಬಟ್ಟೆ ಕಟ್ಟುತ್ತಿದ್ದವರು ಅರ್ಧದಲ್ಲೇ ನಿಲ್ಲಿಸಿದರು.

"ನನ್ನ ಕೈ ಸೋತಿಲ್ಲ ಸ್ವಾಮಿ. ನಿಮ್ಮ ತಲೆ ನಾನು ಬೇಕಂತಲೇ ಕೆಡಿಸಿದ್ದು. ಕ್ಷಮಿಸಿ. ನೀವು ಆ ಕಡೆ ಕೂತ್ರೆ ತಾನೇ ಅವನು ಅಂಗಡಿ ಹಿಡಿಯೋದು, ನಾನು ಮನೇಲಿ ಕೂರೋದು? ನಿಮಗೆ ಪಿಂಚಣಿ ಬರುತ್ತೆ. ನನ್ನ ಪಿಂಚಣಿ ಆ ಕುರ್ಚೀಲಿದೆ."

ಗಾರ್ಡು ಸಾಹೇಬರು ಕನ್ನಡಿಯಲ್ಲೇ ಅವರ ಮುಖ ನೋಡಿದರು. ಕೋಪಿಸಿಕೊಳ್ಳಲಿಲ್ಲ.

"ಒಂದು ಮಾತು ಕೇಳ್ತೀನಿ. ನಿಮ್ಮ ಕೂದಲು ಯಾರು ಕತ್ತರಿಸ್ತಾರೆ?"

"ಮನೇಲಿ. ನನ್ನ ಹೆಂಡ್ತಿ."

"ಅಲ್ಲ ಯಜಮಾನ್ರೇ, ಹದಿನಾರು ವರ್ಷದಿಂದ ಪಕ್ಕದಲ್ಲೇ ಇರೋ ಮನುಷ್ಯನ ಕೈಗೆ ನೀವೇ ತಲೆ ಕೊಟ್ಟಿಲ್ಲ. ನಮಗೆ ಕೊಡಿ ಅಂತೀರಲ್ಲ? ನನ್ನ ಕೆಲಸದಲ್ಲಿ, ಹಸಿರು ಬಾವುಟ ತೋರಿಸಿದವನು ಅದೇ ಗಾಡಿ ಹತ್ತಬೇಕಿತ್ತು." ಬಟ್ಟೆಯನ್ನು ತಾವೇ ಬಿಚ್ಚಿಟ್ಟು, ಕೂದಲು ಕತ್ತರಿಸಿಕೊಳ್ಳದೆಯೇ ಟೋಪಿ ಹಾಕಿಕೊಂಡು ಎದ್ದರು.

ನೆಲ ಗುಡಿಸುತ್ತಿದ್ದ 'ಎರಡನೇ ಕುರ್ಚಿ'ಯ ಪೊರಕೆ ನಿಂತಿತು. ಅವನು ತಲೆ ಎತ್ತಲಿಲ್ಲ. ಆದರೆ ಈ ಮಾತು ಅವನಿಗೆ ಹೊಸದಲ್ಲವೆಂಬುದು ಅವನು ನಿಂತ ರೀತಿಯಲ್ಲೇ ಯಜಮಾನರಿಗೆ ತಿಳಿಯಿತು. ಅವರಿಗೆ ನಾಚಿಕೆಯಾಯಿತು. ಅವನನ್ನು ಕೀಳಾಗಿ ಕಂಡು ಹಾಗೆ ಮಾಡಿದವರಲ್ಲ ಅವರು. ಆ ಯೋಚನೆಯೇ ಬಂದಿರಲಿಲ್ಲ. ಬರದೆ ಇದ್ದದ್ದೇ ತಪ್ಪು. ಬಾಯಲ್ಲಿ 'ನನಗಿಂತ ಚೆನ್ನಾಗಿ ಮಾಡ್ತಾನೆ' ಎಂದು ಹೊಗಳುತ್ತ, ತಿಂಗಳು ತಿಂಗಳೂ ಬಚ್ಚಲಮನೆಯಲ್ಲಿ ಕತ್ತರಿಸಿಕೊಂಡ ತಲೆಯನ್ನು ಊರಿಗೆಲ್ಲ ತೋರಿಸುತ್ತ ನಿಂತಿದ್ದರು. ಜನ ಬಾಯಿಯ ಮಾತು ಬಿಟ್ಟು ತಲೆಯನ್ನೇ ನಂಬಿದ್ದರು.

ಮುಂದಿನ ರಜೆಯ ದಿನ ಹೆಂಡತಿ ಎಂದಿನಂತೆ ಮಣೆ ಹಾಕಿ, ಟವೆಲು ಕೊಡವಿ ಕರೆದಳು. ಯಜಮಾನರು ಬಾಗಿಲಲ್ಲೇ ನಿಂತರು.

"ಈ ಸಲ ಬೇಡ."

"ಯಾಕೆ? ಹೋದ ಸಲ ಕೆಡಿಸಿದ್ನಾ?"

ಅವರು ಎಲ್ಲವನ್ನೂ ಹೇಳಿದರು. ಬೇಕೆಂದೇ ಕೆಡಿಸಿದ ತಲೆಯ ವಿಷಯವನ್ನೂ ಬಿಡಲಿಲ್ಲ. ಆಕೆ ಕೇಳುತ್ತ ಕೇಳುತ್ತ ತಾನೇ ಮಣೆಯ ಮೇಲೆ ಕೂತಳು, ಟವೆಲನ್ನು ಮಡಿಚಿ ಮೊಣಕಾಲ ಮೇಲಿಟ್ಟುಕೊಂಡಳು. ಆಕೆಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

"ಸರಿ. ಅವನ ಹತ್ರಾನೇ ಮಾಡಿಸ್ಕೊಳ್ಳಿ. ಆದ್ರೆ ಇನ್ನು ನಾವು ಮನೆ ಖರ್ಚಿನ ಮಾತು ಎಲ್ಲಿ ಆಡೋದು?"

"ಇನ್ನು ಮೇಲೆ ದಿನವಿಡೀ ಮನೇಲೇ ಇರ್ತೀನಲ್ಲ."

"ಅದೇ ನನಗೆ ಹೆದರಿಕೆ," ಎಂದಳು. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಆಕೆ, "ಅವನ ಕೈ ನೋಡ್ತೀನಿ. ಆಮೇಲೆ ನೀವು ಯಾವತ್ತು ಬಿಡಬಹುದು ಅಂತ ಹೇಳ್ತೀನಿ," ಎಂದಳು.

ಭಾನುವಾರ ಬೆಳಿಗ್ಗೆ ಬೆಂಚು ತುಂಬಿತ್ತು. ಯಜಮಾನರು ತಮ್ಮ ಕುರ್ಚಿಯ ಮುಂದೆ ನಿಲ್ಲಲಿಲ್ಲ. ಅಂಗಿಯ ಮೇಲಿನ ಕೋಟನ್ನು ಬಿಚ್ಚಿ ಮೊಳೆಗೆ ಹಾಕಿ, ನೇರವಾಗಿ ಹೋಗಿ ಎರಡನೇ ಕುರ್ಚಿಯಲ್ಲಿ ಕೂತರು. ಬೆಂಚಿನ ಮೇಲಿನ ಪತ್ರಿಕೆಗಳು ಕೆಳಗಿಳಿದವು. ಕತ್ತರಿ ಹಿಡಿದವನು ಬಟ್ಟೆ ಕೊಡವಿ ಅವರ ಕುತ್ತಿಗೆಗೆ ಕಟ್ಟಿದ. ಅಭ್ಯಾಸಬಲದಿಂದ, ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದ.

"ಹೇಗೆ ಕತ್ತರಿಸ್ಲಿ ಅಣ್ಣ?"

"ನಿನಗೆ ಸರಿ ಕಂಡ ಹಾಗೆ."

ಕನ್ನಡಿಯಲ್ಲಿ ಯಜಮಾನರಿಗೆ ಬೇರೆಯೇ ಅಂಗಡಿ ಕಂಡಿತು. ಇಷ್ಟು ಕಾಲ ಅದರಲ್ಲಿ ಯಾರದೋ ಮುಖದ ಹಿಂದೆ ತಮ್ಮ ಹೊಟ್ಟೆ, ತಮ್ಮ ಕೈ ಕಾಣುತ್ತಿತ್ತು. ಈಗ ಮುಂದೆ ಕೂತವರು ತಾವು, ಹಿಂದೆ ನಿಂತವನು ಅವನು. ಮೊಣಕಾಲು ಮಡಿಸಿಕೊಂಡು ತೆಪ್ಪಗಿತ್ತು. ಕತ್ತರಿ ಮೊದಲು ಅಳುಕಿತು. ಆಮೇಲೆ ಅದರ ಸದ್ದು ಒಂದೇ ಲಯಕ್ಕೆ ಬಂತು. ಕಣ್ಣು ಮುಚ್ಚಿದರೂ ಯಜಮಾನರಿಗೆ ಆ ಸದ್ದಿನಲ್ಲೇ ತಿಳಿಯುತ್ತಿತ್ತು, ಯಾವ ಏಟು ಎಲ್ಲಿ ಬಿತ್ತು, ಯಾಕೆ ಬಿತ್ತು ಎಂದು. ಒಂದೂ ತಪ್ಪಲಿಲ್ಲ. ಅವರಿಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇಳಿದ ಮೇಲೆ ಜೇಬಿನಿಂದ ಪೂರ್ತಿ ದುಡ್ಡು ತೆಗೆದು ಚಾಚಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬೇಡ ಅಣ್ಣ, ನಿಮ್ಮ ಹತ್ರ ತಗೊಳ್ಳೋದಾ?"

"ತಗೋ ಮಾರಾಯ. ಹೇಗೂ ಬಾಡಿಗೆಯಾಗಿ ನನಗೇ ಬರುತ್ತೆ."

ಬೆಂಚು ಗೊಳ್ಳೆಂದಿತು. ಆ ನಗುವಿನ ನಡುವೆ ಗಾರ್ಡು ಸಾಹೇಬರು ಎದ್ದರು. ಮೊದಲನೇ ಕುರ್ಚಿ ಖಾಲಿ ಇತ್ತು. ಅದನ್ನು ದಾಟಿ ಹೋಗಿ ಎರಡನೆಯದರಲ್ಲಿ ಕೂತರು, ಟೋಪಿ ತೆಗೆದರು. "ಹಿಂದೆ ಒಂದು ಮೆಟ್ಟಿಲಿದೆ ನೋಡಪ್ಪ, ನಿಮ್ಮ ಯಜಮಾನ್ರ ಕೃಪೆ. ಇಳಿಸಿಬಿಡು," ಎಂದರು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದಳು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕಿವಿಯ ಹಿಂದೆ ಬೆರಳಾಡಿಸಿದಳು, ಕುತ್ತಿಗೆಯ ಅಂಚನ್ನು ಸವರಿದಳು. ಏನಾದರೂ ಕುಂದು ಸಿಗಲಿ ಎಂದೇ ಹುಡುಕುತ್ತಿದ್ದಳು, ಅವರಿಗೆ ಗೊತ್ತಾಯಿತು.

"ಕಿವಿ ಹಿಂದೆ ನನಗೆ ಒಂದು ದಿನವೂ ಹೀಗೆ ಬರ್ಲಿಲ್ಲ," ಎಂದಳು. ಕೈಯನ್ನು ಇನ್ನೂ ಅಲ್ಲೇ ಇಟ್ಟುಕೊಂಡಿದ್ದಳು.

ಆಮೇಲೆ ಹೇಳಿದಳು: "ಬಾಡಿಗೆ ಬರುತ್ತೆ ಬಿಡಿ. ಈ ತಿಂಗಳಿಗೇ ಕೆಲಸ ನಿಲ್ಲಿಸಿಬಿಡಿ."