ಬಿಳಿ ಸೀರೆಯ ಎಪ್ಸಿಬಾ

ಭೋಜರಾಜರು ಮೂವತ್ತನಾಲ್ಕು ವರ್ಷ ವಿಮಾ ಕಚೇರಿಯ ಕ್ಲೇಮ್ಸ್ ವಿಭಾಗದಲ್ಲಿ ಕೂತು ನಿವೃತ್ತರಾದವರು. ಸಾವಿನ ವಿಷಯದಲ್ಲಿ ತಮಗೆ ಯಾರೂ ಪಾಠ ಹೇಳಬೇಕಿಲ್ಲವೆಂದು ಅವರ ಎಣಿಕೆ. ಬಾಗಿಲಲ್ಲಿ ನಿಂತ ಹೆಂಗಸಿನ ಕತ್ತು, ಕೈ, ಹಣೆ ನೋಡಿದರೆ ಸಾಕು, ಗಂಡ ಹೋಗಿ ಎಷ್ಟು ತಿಂಗಳಾಯಿತೆಂದು ಹೇಳಬಲ್ಲೆ ಎನ್ನುತ್ತಿದ್ದರು. ಇಂಥದ್ದನ್ನು ಕೇಳುವವರು ಕಡಿಮೆಯಾದ ಮೇಲೆ ತಮಿಳು ಸೀಮೆಯ ಕಡಲಂಚಿನ ತಂಡೈಯಾರ್‌ಪೇಟೆಯ ತಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿಯಾದರು. ಮೂರು ಅಂತಸ್ತು, ಹನ್ನೆರಡು ಮನೆ, ಒಂದು ನೋಟಿಸ್ ಬೋರ್ಡು.

ಒಂದು ಮಾರ್ಚ್ ತಿಂಗಳಲ್ಲಿ ನೆಲಮಹಡಿಗೆ ಬಾಡಿಗೆಗೆ ಬಂದ ಎಪ್ಸಿಬಾಳನ್ನು ಅವರು ಮೆಟ್ಟಿಲ ಮೇಲಿಂದಲೇ ಓದಿ ಮುಗಿಸಿದರು. ಬಿಳಿ ಸೀರೆ, ಬರಿಗೈ, ಬರಿಗತ್ತು, ಕಿವಿಯಲ್ಲಿ ಓಲೆಯಿಲ್ಲ, ಹಣೆಯಲ್ಲಿ ಬೊಟ್ಟಿಲ್ಲ. ಬೆಳಿಗ್ಗೆ ಐದೂವರೆಗೆ ಒಳಗಿನಿಂದ ಅಳುವಿನಂಥದೇ ಒಂದು ಹಾಡು. ಗಂಡ ಹೋಗಿ ಇನ್ನೂ ವರ್ಷವಾಗಿಲ್ಲ ಎಂದು ತೀರ್ಮಾನಿಸಿ, ಇಸ್ತ್ರಿಯ ಅಂಗಿ ಹಾಕಿ, ಕಂಕುಳಲ್ಲೊಂದು ಫೈಲು ಇಟ್ಟುಕೊಂಡು ಕೆಳಗಿಳಿದರು. ಆಕೆ ಕೋಲಾರದ ಚಿನ್ನದ ಗಣಿಯ ಕಡೆಯವಳು, ಕನ್ನಡ ಬರುತ್ತದೆ ಎಂದು ಗೊತ್ತಾದ ಮೇಲಂತೂ ಅವರ ಕರುಣೆಗೆ ತಡೆಯೇ ಇರಲಿಲ್ಲ. ಹುಟ್ಟಿದವರೆಲ್ಲ ಹೋಗಲೇಬೇಕೆಂದೂ, ಉಳಿದವರು ಧೈರ್ಯ ತಂದುಕೊಳ್ಳಬೇಕೆಂದೂ, ಪಾಲಿಸಿ ಗಿಲಿಸಿ ಇದ್ದರೆ ಕಾಗದಪತ್ರ ತಾವೇ ನೋಡಿಕೊಡುವುದಾಗಿಯೂ ಹತ್ತು ನಿಮಿಷ ಮಾತಾಡಿದರು. ಎಪ್ಸಿಬಾ ಮರುಕದಿಂದ ತಲೆಯಾಡಿಸಿದಳು. ಅಷ್ಟರಲ್ಲಿ ಒಳಗಿನಿಂದ ಲುಂಗಿ ಉಟ್ಟ ಎತ್ತರದ ಗಂಡಸೊಬ್ಬ ಬಂದು ಎದುರಿಗೆ ಕೂತ. ಗ್ರೀಸು ಮೆತ್ತಿದ ಕೈಯಲ್ಲಿ ಇವರ ಕೈ ಹಿಡಿದು, ಕಣ್ಣು ಮುಚ್ಚಿ, ತಮಿಳಿನಲ್ಲಿ ಪ್ರಾರ್ಥನೆ ಶುರುಮಾಡಿದ. ಈ ಅಣ್ಣನ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಇವರಿಗೆ ಸಮಾಧಾನ ಕೊಡು ಕರ್ತನೇ ಎಂಬುದು ಅದರ ಸಾರ.

ಆತ ತವಮಣಿ, ಎಪ್ಸಿಬಾಳ ಗಂಡ. ಕಾಸಿಮೇಡು ಬಂದರಿನ ಮೀನು ಬೋಟೊಂದರಲ್ಲಿ ಇಂಜಿನ್ ನೋಡಿಕೊಳ್ಳುವವನು. ಅವರ ಪೆಂತೆಕೋಸ್ತ್ ಸಭೆಯಲ್ಲಿ ಹೆಂಗಸರು ಒಡವೆ ಹಾಕುವುದಿಲ್ಲ, ತಾಳಿಯೂ ಇಲ್ಲ. ಮದುವೆಯ ದಿನದಿಂದಲೂ ಆಕೆ ಉಡುವುದು ಬಿಳಿಯೇ.

ಮೇಲೆ ಬಂದು ಹೇಳಿದಾಗ ಹೆಂಡತಿ ವಾಸಂತಿ ನಗಲಿಲ್ಲ. "ಇರೋ ಗಂಡನ್ನ ಬಾಯಲ್ಲೇ ಸಾಯಿಸಿ ಬಂದ್ರಲ್ಲ. ಅವನು ಸಮುದ್ರಕ್ಕೆ ಹೋಗೋನು ಬೇರೆ" ಎಂದಳು. ಶೋಳಿಂಗನಲ್ಲೂರಿನ ಆಫೀಸಿಗೆ ಹೊರಟಿದ್ದ ಮಗಳು ಚಿನ್ಮಯಿ, ಅಪ್ಪ ಇನ್ನು ಯಾರ ಮನೆಗೂ ಫೈಲು ಹಿಡಿದು ಹೋಗಕೂಡದೆಂದು ತಮಿಳಿನಲ್ಲೇ ಅಪ್ಪಣೆ ಮಾಡಿ ಕ್ಯಾಬ್ ಹತ್ತಿದಳು.

ಅಪಶಕುನವನ್ನೆಲ್ಲ ತಾವು ನಂಬುವವರಲ್ಲ ಎಂದು ಭೋಜರಾಜರು ಸಾರಿದರು. ಆದರೆ ಹೆಂಡತಿಯ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಉಳಿಯಿತು. ಮೀನು ತಿನ್ನದವರಿಗೆ ಮುಳ್ಳು ತೆಗೆದು ಅಭ್ಯಾಸವಿಲ್ಲ. ಹೋದ ಮರ್ಯಾದೆಯನ್ನು ಹೇಗಾದರೂ ವಾಪಸು ತರಬೇಕಿತ್ತು. ಎಪ್ಸಿಬಾಳ ಮುಂದಿನ ಕೋಣೆಯಲ್ಲಿ ಬೆಳಗಾಗುವ ಮೊದಲೇ ಹತ್ತು ಹನ್ನೆರಡು ಹೆಂಗಸರು ಸೇರಿ, ಗೆಜ್ಜೆಯ ದಮ್ಮಡಿ ಬಡಿದು, ಚಪ್ಪಾಳೆ ತಟ್ಟಿ ಆರಾಧನೆ ಮಾಡುತ್ತಿದ್ದರು. ಏಳು ಗಂಟೆಗೆ ಮೊದಲು ಕಟ್ಟಡದಲ್ಲಿ ವಾದ್ಯ, ಚಪ್ಪಾಳೆ, ಸಾಮೂಹಿಕ ಗಾಯನ ನಿಷಿದ್ಧವೆಂದು ಭೋಜರಾಜರು ಮೂರು ಭಾಷೆಯಲ್ಲಿ ಬರೆದು, ಸಹಿ ಮಾಡಿ ಬೋರ್ಡಿಗೆ ಅಂಟಿಸಿದರು. ಎಪ್ಸಿಬಾ ನಿಂತು ಮೂರನ್ನೂ ಓದಿ, ಅಕ್ಷರ ತುಂಬ ದುಂಡಗಿದೆ ಎಂದು ಹೊಗಳಿ, ಮಾರನೆಯ ದಿನ ಐದೂವರೆಗೆ ದಮ್ಮಡಿ ಎತ್ತಿಕೊಂಡಳು.

ವಾಸಂತಿ ನುಗ್ಗೆಸೊಪ್ಪು ಬಿಡಿಸುವ ನೆವದಲ್ಲಿ ಕೆಳಗಿಳಿದು, ಆಕೆಯ ಕಥೆಯನ್ನು ಕಂತು ಕಂತಾಗಿ ಮೇಲೆ ತರುತ್ತಿದ್ದಳು. ಎಪ್ಸಿಬಾಳ ಅಪ್ಪ ಗಣಿಯಲ್ಲಿ ನೆಲದಡಿ ದುಡಿಯುತ್ತಿದ್ದವರು. ಆಕೆಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ಅಡುಗೆಮನೆಯ ಪಾತ್ರೆಗಳು ತಾವಾಗಿ ಸದ್ದು ಮಾಡಿದವು. ಕೆಳಗೆಲ್ಲೋ ಬಂಡೆ ಸಿಡಿದಿತ್ತು. ಸೈರನ್ ಕೂಗಿತು. ಲೈನುಮನೆಗಳ ಹೆಂಗಸರೆಲ್ಲ ಗಣಿಯ ಗೇಟಿಗೆ ಓಡಿದರು, ಕಾವಲಿನವರು ಒಳಗೆ ಬಿಡಲಿಲ್ಲ. ಎಪ್ಸಿಬಾಳ ಅಮ್ಮ ಅಲ್ಲೇ ಮಣ್ಣಿನಲ್ಲಿ ಕೂತು ಚಪ್ಪಾಳೆ ತಟ್ಟಿ ಹಾಡತೊಡಗಿದಳು. ಉಳಿದವರೂ ಕೂತರು. ಎರಡನೆಯ ದಿನ ಅಪ್ಪ ಮೇಲೆ ಬಂದರು. ಜೊತೆಗೆ ಇಳಿದಿದ್ದ ಅಮ್ಮನ ತಮ್ಮ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ಮತ್ತೆ ಹಾಡಿದಳು, ಅದೇ ಹಾಡು. ಈಗ ಯಾರಿಗೋಸ್ಕರ ಎಂದು ಮಗಳು ಕೇಳಿದ್ದಕ್ಕೆ ಕಪಾಳಕ್ಕೊಂದು ಬಿತ್ತಂತೆ.

"ಅಂದರೆ ಪ್ರಾರ್ಥನೆಗೆ ಐವತ್ತು ಪರ್ಸೆಂಟ್ ಫಲ" ಎಂದು ಭೋಜರಾಜರು ಷರಾ ಬರೆದರು. ವಾಸಂತಿ ಬಿಡಿಸಿದ ಸೊಪ್ಪನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ತವಮಣಿ ಕಡಲಿಗೆ ಹೊರಟಾಗಲೆಲ್ಲ ಭೋಜರಾಜರು ಗೇಟಿನ ಹತ್ತಿರ ಏನೋ ಕೆಲಸವಿರುವಂತೆ ನಿಂತು, ಸ್ಪಷ್ಟವಾಗಿ "ಹೋಗಿ ಬನ್ನಿ" ಎನ್ನುವುದನ್ನು ರೂಢಿಸಿಕೊಂಡಿದ್ದರು. ನಂಬಿಕೆಯಿಂದಲ್ಲ, ಸೌಜನ್ಯಕ್ಕೆ. ನವೆಂಬರ್ ಕೊನೆಯಲ್ಲೊಂದು ದಿನ ಆತ ಚೀಲ ಹೆಗಲಿಗೇರಿಸಿ ಬಂದ. ಇವರು "ಹೋಗಿ" ಎಂದರು, ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನೀರಿನ ಲಾರಿಯವನು. ಅವನನ್ನು ಬೈದು ಮುಗಿಸಿ ತಿರುಗಿದಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಮಾತಿನ ಉಳಿದರ್ಧ ಬಾಯಲ್ಲೇ ಇತ್ತು.

ಒಂಬತ್ತನೆಯ ದಿನ ಗಾಳಿ ದಿಕ್ಕು ಬದಲಿಸಿತು. ತಾರಸಿಯಿಂದ ಕಾಣುವ ಸಮುದ್ರದ ಚೂರು ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಕಾಗೆಗಳು ನೀರಿನ ಟ್ಯಾಂಕಿನ ಅಡಿ ಸೇರಿ ಸದ್ದಿಲ್ಲದೆ ಕೂತಿದ್ದವು. ಅಷ್ಟು ಕಾಗೆಗಳು ಸುಮ್ಮನಿರುವುದನ್ನು ಭೋಜರಾಜರು ಅದೇ ಮೊದಲು ನೋಡಿದ್ದು. ಬಂದರಿನಲ್ಲಿ ಬಿರುಗಾಳಿಯ ಎಚ್ಚರಿಕೆಯ ನಂಬರು ದಿನದಿನಕ್ಕೆ ಏರಿತು. ಹೊರಗಿದ್ದ ಬೋಟುಗಳನ್ನು ವೈರ್‌ಲೆಸ್ಸಿನಲ್ಲಿ ಕೂಗಿ ಕರೆದರು. ಕೆಲವು ಮರಳಿದವು, ಕೆಲವು ಇನ್ನೆಲ್ಲೋ ದಡ ಸೇರಿದೆವೆಂದು ಉತ್ತರ ಕೊಟ್ಟವು. ತವಮಣಿಯ ಬೋಟು ಉತ್ತರ ಕೊಡಲಿಲ್ಲ. ಅದರಲ್ಲಿದ್ದವರು ಎಂಟು ಜನ.

ಮಳೆ ಎರಡು ದಿನ ಬಿಡಲಿಲ್ಲ. ಕರೆಂಟು ಹೋಯಿತು. ಚರಂಡಿಯ ನೀರು ನೆಲಮಹಡಿಗೆ ನುಗ್ಗಿ ಎಪ್ಸಿಬಾಳ ಮಂಚದ ಕಾಲುಗಳು ಮುಳುಗಿದವು. ವಾಸಂತಿ ಗಂಡನನ್ನು ಕೇಳದೆ ಆಕೆಯನ್ನು ಮೇಲಕ್ಕೆ ಕರೆತಂದಳು. ಮಾರನೆಯ ಬೆಳಿಗ್ಗೆ ಐದೂವರೆಗೆ ಆರಾಧನೆಯೂ ಹಿಂದೆಯೇ ಹತ್ತಿ ಬಂತು. ಮೊಣಕಾಲ ನೀರು ದಾಟಿ ಬಂದ ಹೆಂಗಸರು ಕಾರ್ಯದರ್ಶಿಗಳ ನೋಟಿಸಿನ ಕೆಳಗೆ ಚಪ್ಪಲಿ ಬಿಟ್ಟು, ಕಾರ್ಯದರ್ಶಿಗಳ ಹಾಲ್‌ನಲ್ಲಿ, ನಂಜುಂಡೇಶ್ವರನ ಪಟದ ಅಡಿಯಲ್ಲಿ ಕೂತರು. ಬೋಟಿನ ಉಳಿದ ಏಳು ಮನೆಗಳ ಹೆಂಗಸರೂ ಇದ್ದರು. ಅವರಲ್ಲಿ ಸಭೆಗೆ ಸೇರಿದವರು ಇಬ್ಬರೇ. ಮಿಕ್ಕವರು ಹಣೆ ತುಂಬ ಕುಂಕುಮ ಇಟ್ಟವರು. ನೀವೇಕೆ ಬಂದಿರಿ ಎಂದು ಭೋಜರಾಜರು ಒಬ್ಬಳನ್ನು ವಿಚಾರಿಸಿದರು. ಮನೆಯಲ್ಲಿ ಕೂತರೆ ಗಾಳಿ ಕೇಳಿಸುತ್ತದೆ ಎಂದಳು.

ಗೋಳಾಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಭೋಜರಾಜರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಆದರೆ ಎದ್ದದ್ದು "ಸ್ತೋತ್ರಂ, ಸ್ತೋತ್ರಂ" ಎಂಬ ದನಿ. ಕಿಟಕಿಯ ಗಾಜು ಚೌಕಟ್ಟಿನಲ್ಲಿ ಗಡಗಡ ಎನ್ನುತ್ತಿರುವಾಗ ಇವರು ದೇವರಿಗೆ ಯಾವುದಕ್ಕಾಗಿ ವಂದನೆ ಹೇಳುತ್ತಿದ್ದಾರೆಂದು ಅವರಿಗೆ ತಿಳಿಯಲಿಲ್ಲ. ಮೂರು ದಿನದಿಂದ ಅನ್ನ ಬಿಟ್ಟಿದ್ದ ಬಸುರಿ ಹುಡುಗಿಯೊಬ್ಬಳು ಗೋಡೆಗೆ ತಲೆಯಾನಿಸಿ ಬಿದ್ದಿದ್ದಳು. ಎಪ್ಸಿಬಾ ಹಾಡುತ್ತಲೇ ಅವಳ ಎದುರು ಕೂತು, ಅವಳ ಎರಡು ಕೈ ಹಿಡಿದು ತಟ್ಟಿಸಿದಳು. ಮೊದಲು ಆ ಕೈಗಳು ಒದ್ದೆ ಬಟ್ಟೆಯ ಹಾಗೆ ಬಿದ್ದವು. ನಾಲ್ಕನೆಯ ಹಾಡಿಗೆ ತಾವಾಗಿ ಎದ್ದವು. ಕೊನೆಗೆ ಅವಳು ನೀರು ಕೇಳಿದಳು. ಎರಡು ಇಡ್ಲಿ ತಿಂದಳು. ಹೀಗೇ ದಿನವೂ ಬಗ್ಗಿಕೊಂಡು ಬಂದವರು ಮುಕ್ಕಾಲು ಗಂಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಇಳಿದು ಹೋಗುತ್ತಿದ್ದರು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ಭೋಜರಾಜರಿಗೆ ಹೊಳೆಯಲಿಲ್ಲ. ಮೂರನೆಯ ದಿನ ಎಪ್ಸಿಬಾ ಕೇಳದೆ ಇನ್ನೊಂದು ದಮ್ಮಡಿಯನ್ನು ಅವರ ತೊಡೆಯ ಮೇಲಿಟ್ಟಳು. ಅವರು ತಾಳ ತಪ್ಪಿಸಿ ಬಡಿದರು. ಯಾರೂ ತಡೆಯಲಿಲ್ಲ.

ಅಂದು ಎಲ್ಲರೂ ಹೋದ ಮೇಲೆ ಆಕೆ ಹಾಲ್‌ನ ನೆಲ ಒರೆಸುತ್ತಿದ್ದಾಗ ಅವರು ಗಂಟಲು ಸರಿಮಾಡಿಕೊಂಡು, ಮಾರ್ಚಿನಲ್ಲಿ ತಾವು ಆಕೆಯನ್ನು ವಿಧವೆಯೆಂದು ತಿಳಿದದ್ದನ್ನೂ, ಗೇಟಿನಲ್ಲಿ ಅರ್ಧಕ್ಕೆ ನಿಂತ ಮಾತನ್ನೂ ಒಪ್ಪಿಸಿದರು. ಇದೆಲ್ಲ ತಮ್ಮ ನಾಲಗೆಯಿಂದ ಆಗಿರಬಹುದೇ ಎಂದು ಕೇಳುವಾಗ ಅವರ ದನಿ ಕಾರ್ಯದರ್ಶಿಯದಾಗಿರಲಿಲ್ಲ.

ಎಪ್ಸಿಬಾ ಬಟ್ಟೆ ಹಿಂಡಿದಳು. "ನೀವು ಹೇಳಿದ್ದಕ್ಕೆ ಸಮುದ್ರ ಕಿವಿ ಕೊಡತ್ತಾ ಸಾರ್? ಈ ಹನ್ನೆರಡು ಮನೆಯೋರೇ ಕೊಡಲ್ಲ."

ಮತ್ತೆರಡು ಸಲ ನೆಲ ಒರೆಸಿ, ತಲೆಯೆತ್ತದೆ ಹೇಳಿದಳು: "ಭಯ ನಂಗೂ ಇದೆ. ಹಾಡೋವಾಗ ಬಾಗಿಲಾಚೆ ನಿಂತಿರತ್ತೆ. ನಿಲ್ಲಿಸಿದ ತಕ್ಷಣ ಒಳಗ್ ಬರತ್ತೆ."

ಆರಾಧನೆ ಮೇಲಕ್ಕೆ ಬಂದ ಏಳನೆಯ ದಿನ ಸುದ್ದಿ ಬಂತು. ಖಾಲಿ ಡಬ್ಬಗಳನ್ನು ಕಟ್ಟಿಕೊಂಡು ತೇಲುತ್ತಿದ್ದ ಐವರನ್ನು ಆಂಧ್ರದ ಬೋಟೊಂದು ಎತ್ತಿಕೊಂಡಿತ್ತು. ಹೆಸರುಗಳು ಭೋಜರಾಜರ ಫೋನಿಗೇ ಬಂದವು. ಜೀವಮಾನವಿಡೀ ಇಂಥ ಪಟ್ಟಿ ಓದಿದವರು ಅವರು. ಒಮ್ಮೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಬಸುರಿ ಹುಡುಗಿಯ ಗಂಡನ ಹೆಸರಿತ್ತು, ತವಮಣಿಯ ಹೆಸರಿರಲಿಲ್ಲ. ಗಂಡಂದಿರ ಹೆಸರು ಬಂದ ಐದು ಹೆಂಗಸರು ತಮ್ಮ ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಕೊಂಡರು. ಇಂಜಿನ್ ನಿಂತಾಗ ತವಮಣಿ ಟಾರ್ಚು ಹಿಡಿದು ಕೆಳಗಿಳಿದನೆಂದೂ, ಇಂಜಿನ್ ಎರಡು ಸಲ ಕೆಮ್ಮಿದ್ದು ಮೇಲೆ ಕೇಳಿಸಿತೆಂದೂ, ಆಮೇಲೆ ಬಂದದ್ದು ಅಲೆಯೆಂದೂ ಬದುಕಿದವರು ಹೇಳಿದರಂತೆ. ಎಪ್ಸಿಬಾ ಎಲ್ಲ ಕೇಳಿ, ನೀರಿಳಿದಿದ್ದ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಐದಕ್ಕೇ ಭೋಜರಾಜರಿಗೆ ಎಚ್ಚರವಾಯಿತು. ಯಾವ ಸದ್ದಿನ ಮೇಲೆ ಮೂರು ಭಾಷೆಯಲ್ಲಿ ನಿಷೇಧ ಹೇರಿದ್ದರೋ ಅದಕ್ಕೇ ಕಿವಿಗೊಟ್ಟು ಮಲಗಿದ್ದರು. ಐದೂವರೆಯಾಯಿತು. ಏನೂ ಇಲ್ಲ. ನಲ್ಲಿಯಿಂದ ಹನಿ ಬೀಳುವುದು ಕೇಳುತ್ತಿತ್ತು. ಐದೂ ಮುಕ್ಕಾಲು. ಈಗ ಆ ಭಯ ಒಳಗೆ ಬಂದಿರುತ್ತದೆ ಎಂದುಕೊಂಡರು. ಎದ್ದು ಅಂಗಿ ಹಾಕುವಷ್ಟರಲ್ಲಿ ಕೆಳಗೆ ಚಪ್ಪಲಿಗಳ ಸದ್ದು, ಬಾಗಿಲು ತಟ್ಟಿದ ಸದ್ದು, ಆಮೇಲೆ ದಮ್ಮಡಿ. ಇಳಿಯುತ್ತ ಅವರು ನೋಟಿಸನ್ನು ಕಿತ್ತು ಹಾಕಿದರೆಂದು ಬರೆದರೆ ಚೆನ್ನಾಗಿರುತ್ತಿತ್ತು. ಅದು ಮಳೆಯ ತೇವಕ್ಕೆ ತಾನಾಗಿಯೇ ಉದುರಿತ್ತು.

ಏಳೂ ಮನೆಯವರು ಬಂದಿದ್ದರು, ಗಂಡಂದಿರು ಸಿಕ್ಕ ಐವರೂ. ಎಪ್ಸಿಬಾ ದಿನದ ಅದೇ ಹಾಡು ಎತ್ತಿಕೊಂಡಳು. ಎರಡನೆಯ ಸಾಲಿನ ನಡುವೆ ಅವಳ ದನಿ ನಿಂತಿತು. ದಮ್ಮಡಿಯೂ ನಿಂತಿತು. ಭೋಜರಾಜರು ಬಾಗಿಲನ್ನೇ ನೋಡಿದರು. ಆಗ ಆ ಬಸುರಿ ಹುಡುಗಿ, ಹಣೆಯಲ್ಲಿ ಕಾಸಗಲ ಕುಂಕುಮವಿದ್ದವಳು, ಎಪ್ಸಿಬಾಳ ಎದುರು ಕೂತು ಅವಳ ಎರಡು ಕೈ ಹಿಡಿದು ತಟ್ಟಿಸುತ್ತ ಆ ಸಾಲನ್ನು ಮುಂದುವರಿಸಿದಳು.

ದೇಹ ಸಿಗಲಿಲ್ಲ. ಊರಿಂದ ನೆಂಟರು ಬಂದರು. ಒಡೆಯಲು ಬಳೆಯಿರಲಿಲ್ಲ, ತೆಗೆಯಲು ತಾಳಿಯಿರಲಿಲ್ಲ, ಅಳಿಸಲು ಬೊಟ್ಟಿರಲಿಲ್ಲ. ಮಾಡಲು ಕೆಲಸವಿಲ್ಲದೆ ಕಾಫಿ ಕುಡಿದು ಹೋದರು. ಕತ್ತು, ಕೈ, ಹಣೆಯ ಪಂಡಿತರಾದ ಭೋಜರಾಜರಿಗೆ ಮಾತ್ರ ಇದು ಬಗೆಹರಿಯಲಿಲ್ಲ. ಮತ್ತೆ ಮಾರ್ಚ್ ಬಂತು. ತಾರಸಿಯಲ್ಲಿ ಎಪ್ಸಿಬಾ ಬಟ್ಟೆ ಒಣಹಾಕುತ್ತಿದ್ದಳು. ಅವಳ ಸೀರೆಗಳಾಚೆ ಸಮುದ್ರದ ಚೂರು ಏನೂ ತಿಳಿಯದಂತೆ ಹೊಳೆಯುತ್ತಿತ್ತು.

"ತಪ್ಪು ತಿಳೀಬೇಡಿ ಎಪ್ಸಿಬಾ" ಎಂದು ಭೋಜರಾಜರು ಶುರುಮಾಡಿದರು. "ಆಗ್ಲೂ ಬಿಳಿ, ಈಗ್ಲೂ ಬಿಳಿ. ಈಗ ಉಟ್ಟಿರೋದು ಯಾವ ಬಿಳಿ? ಅವರು ಇದ್ದಾರೆ ಅನ್ನೋದಾ, ಇಲ್ಲ ಅನ್ನೋದಾ?"

ಆಕೆ ಹಲ್ಲಿನಲ್ಲಿ ಕಚ್ಚಿದ್ದ ಕ್ಲಿಪ್ಪನ್ನು ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು.

"ಒಗೆದಿರೋ ಬಿಳಿ ಸಾರ್. ನಿಮ್ಮ ಕಾಲರ್ ನೋಡ್ಕೊಳ್ಳಿ."