ಸಾಲ್ಮಿ ರಸ್ತೆಯ ಹೋಟೆಲಿನಲ್ಲಿ ಕರೆಂಟು ಹೋದ ಶುಕ್ರವಾರ

2023ರ ಬೇಸಿಗೆಯಲ್ಲಿ ನಾನು ಕುವೈತಿನ ಮರುಭೂಮಿಯಲ್ಲಿದ್ದ ಒಂದು ಸಣ್ಣ ಹೋಟೆಲಿನಲ್ಲಿ ಚೀಫ್ ಎಂಜಿನಿಯರ್ ಆಗಿದ್ದೆ. ನಗರದಿಂದ ಪಶ್ಚಿಮಕ್ಕೆ ಸಾಲ್ಮಿ ರಸ್ತೆಯಲ್ಲಿ ಎಪ್ಪತ್ತು ಕಿಲೋಮೀಟರ್ ಹೋಗಿ ಎಡಕ್ಕೆ ತಿರುಗಿದರೆ ಮರಳಿನ ನಡುವೆ ಒಂದೇ ಅಂತಸ್ತಿನ ಉದ್ದನೆಯ ಕಟ್ಟಡ ಕಾಣುತ್ತಿತ್ತು. ಅರವತ್ತರ ದಶಕದಲ್ಲಿ ಯಾವುದೋ ಕಂಪನಿಯ ಅತಿಥಿಗೃಹವಾಗಿದ್ದ ಅದನ್ನು ಈಗಿನ ಮಾಲೀಕರು ಕೊಂಡು, ಅದೇ ಕಾಲದ ಚೆಂದಕ್ಕೆ ಮರಳಿಸಿದ್ದರು. ಮೊಸಾಯಿಕ್ ನೆಲ, ಕಾಂಕ್ರೀಟಿನ ಜಾಲಂದ್ರ, ತೆಳ್ಳನೆಯ ಓರೆ ಕಾಲಿನ ಕುರ್ಚಿಗಳು, ಬೆರಳು ಹಾಕಿ ತಿರುಗಿಸುವ ಫೋನುಗಳು. ಹದಿನಾಲ್ಕೇ ಕೋಣೆಗಳು. ವಾರಾಂತ್ಯಕ್ಕೆ ಬಂದವರು ಇವುಗಳ ಎದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ನನ್ನ ಸಂಸಾರ ಅಬು ಹಲೀಫಾದ ಫ್ಲ್ಯಾಟಿನಲ್ಲಿತ್ತು. ನಾನು ವಾರದಲ್ಲಿ ಐದು ದಿನ ಹೋಟೆಲಿನಲ್ಲೇ ಉಳಿಯುತ್ತಿದ್ದೆ. ಜೊತೆಗೆ ಎಸಿ ಟೆಕ್ನಿಶಿಯನ್ ಅಶ್ರಫ್ ಇದ್ದ, ಉಪ್ಪಿನಂಗಡಿ ಕಡೆಯ ಬ್ಯಾರಿ. ಊರು ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಅವನ ಕನ್ನಡ ಮಾತ್ರ ಊರಿನದೇ.

ಅತಿಥಿಗಳ ಕಣ್ಣಿಗೆ ಬೀಳದಂತೆ, ಕಟ್ಟಡದ ಹಿಂದೆ ಗೋಡೆಯೊಂದರ ಮರೆಯಲ್ಲಿ ಸಿಬ್ಬಂದಿಯ ಆರು ಪೋರ್ಟಾ ಕ್ಯಾಬಿನ್‌ಗಳಿದ್ದವು. ತಗಡಿನ ಗೋಡೆಯ, ಎತ್ತಿ ತಂದು ಇಡುವ ಕೋಣೆಗಳು. ರಾತ್ರಿ ಪಾಳಿಯವರು ಹಗಲು ಮಲಗುತ್ತಿದ್ದುದು ಅಲ್ಲಿಯೇ.

ಜುಲೈನ ಒಂದು ಶುಕ್ರವಾರ ಬೆಳಿಗ್ಗೆಯಿಂದಲೇ ಧೂಳಿನ ಗಾಳಿ ಎದ್ದಿತ್ತು. ಹೊರಗಿನ ತಾಪಮಾನ 49 ಡಿಗ್ರಿ. ಮಧ್ಯಾಹ್ನ ಒಂದು ಮೂವತ್ತೈದಕ್ಕೆ ಕರೆಂಟು ಹೋಯಿತು. ನಮ್ಮದೇ ಟ್ರಾನ್ಸ್‌ಫಾರ್ಮರ್ ಕೋಣೆಯಲ್ಲಿ ಕೇಬಲಿನ ಜಾಯಿಂಟ್ ಒಂದು ಸುಟ್ಟುಹೋಗಿತ್ತು. ಆ ಜಾಯಿಂಟ್ ಬಿಸಿಯಾಗುತ್ತಿರುವುದು ಮೂರು ವಾರಗಳಿಂದ ನನಗೆ ಗೊತ್ತಿತ್ತು. ಅದನ್ನು ಬದಲಿಸಲು ಇಡೀ ಹೋಟೆಲಿನ ವಿದ್ಯುತ್ತನ್ನು ಆರು ಗಂಟೆ ನಿಲ್ಲಿಸಬೇಕಿತ್ತು. ಬುಕಿಂಗ್ ಕಡಿಮೆಯಿರುವ ದಿನ ನೋಡೋಣವೆಂದು ಮುಂದೆ ಹಾಕಿದ್ದೆ.

ಹತ್ತು ಸೆಕೆಂಡಿನಲ್ಲಿ ಜನರೇಟರ್ ತಾನಾಗಿ ಚಾಲೂ ಆಯಿತು. ಎರಡು ಜನರೇಟರ್‌ಗಳಲ್ಲಿ ದೊಡ್ಡದು ರಿಪೇರಿಗೆಂದು ಅರ್ದಿಯಾದ ವರ್ಕ್‌ಶಾಪಿನಲ್ಲಿತ್ತು. ಉಳಿದದ್ದು 200 ಕೆವಿಎಯದು. ಆ ಸೆಕೆಗೆ, ಆ ಧೂಳಿಗೆ, ಅದರಿಂದ 150ಕ್ಕಿಂತ ಹೆಚ್ಚು ಎಳೆಯುವಂತಿರಲಿಲ್ಲ. ಹೋಟೆಲಿಗೆ ಬೇಕಾದದ್ದು 240. ಇಂಥ ಹೊತ್ತಿಗಾಗಿಯೇ ಲೋಡ್ ಶೆಡ್ಡಿಂಗ್ ಪ್ಯಾನೆಲ್ ಇರುತ್ತದೆ. ಮೊದಲು ಯಾವ ಲೈನ್ ಕತ್ತರಿಸಬೇಕು, ಆಮೇಲೆ ಯಾವುದು ಎಂಬ ಪಟ್ಟಿಯನ್ನು ಅದಕ್ಕೆ ಮೊದಲೇ ಕೊಟ್ಟಿರುತ್ತೇವೆ. ಅದು ಯಾರನ್ನೂ ಕೇಳದೆ ಅದರಂತೆ ನಡೆಯುತ್ತದೆ. ಕೋಣೆಗಳು ತಂಪಾಗಿದ್ದವು, ಅಡುಗೆಮನೆ ನಡೆಯುತ್ತಿತ್ತು. ನಾನು ನಿರಾಳನಾಗಿ ಸುಟ್ಟ ಜಾಯಿಂಟ್ ಬಿಚ್ಚಲು ಕುಳಿತೆ.

ಅರ್ಧ ಗಂಟೆಯಾಗಿರಬೇಕು. ಅಶ್ರಫ್ ಓಡಿಬಂದ. ತಲೆಯಿಂದ ಕಾಲಿನವರೆಗೆ ಧೂಳು.

"ಸರ್, ಕ್ಯಾಬಿನ್‌ದು ಎಸಿ ಬಂದ್ ಆಗಿದೆ. ಒಳಗೆ ಕಾಲು ಇಡ್ಲಿಕ್ಕೆ ಆಗುದಿಲ್ಲ. ಒಂಬತ್ತು ಜನ ಮಲಗಿದ್ರು. ಎಂಟು ಜನ ಎದ್ದು ಹೊರಗೆ ಬಂದ್ರು."

"ಒಂಬತ್ತನೆಯವ?"

"ನಜೀರ್ ಭಾಯಿ. ಎಬ್ಬಿಸಿದ್ರೆ ಏಳುದಿಲ್ಲ ಸರ್. ಎಂತೆಂತದೋ ಮಾತಾಡ್ತಾರೆ."

ನಜೀರ್ ನಮ್ಮ ಬೇಕರ್. ರಾತ್ರಿಯಿಡೀ ಬ್ರೆಡ್ ಮಾಡಿ ಬೆಳಿಗ್ಗೆ ಮಲಗುವವನು. ಎರಡು ದಿನದಿಂದ ಅವನಿಗೆ ಜ್ವರವಿತ್ತು. ಕ್ಯಾಬಿನ್ನಿನ ಬಾಗಿಲು ತೆರೆದಾಗ ಒಲೆಯ ಬಾಯಿ ತೆರೆದಂತಾಯಿತು. ಕೈಯಲ್ಲಿದ್ದ ತಾಪಮಾನದ ಮೀಟರ್ 46 ಡಿಗ್ರಿ ತೋರಿಸಿತು. ಅವನ ಮೈ ಒಣಗಿ ಕಾದಿತ್ತು, ಒಂದು ಹನಿ ಬೆವರಿಲ್ಲ. ಅಶ್ರಫ್ ಕಾಲು ಹಿಡಿದ, ನಾನು ಹೆಗಲು ಹಿಡಿದೆ. ಗಾಳಿಯಲ್ಲಿ ಕಣ್ಣು ಮುಚ್ಚಿಕೊಂಡೇ ಹೋಟೆಲಿನ ಹಾಲ್‌ಗೆ ಹೊತ್ತು ತಂದೆವು. ಉಳಿದ ಎಂಟು ಮಂದಿಯೂ ಹಿಂದೆಯೇ ಬಂದರು.

ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಅತಿಥಿಯೊಬ್ಬರ ದೂರಿಗೆ ಕೆಲಸ ಕಳೆದುಕೊಂಡವರನ್ನು ಕಂಡಿದ್ದವರು. ಇಂಗ್ಲಿಷಿನಲ್ಲಿ ಹೇಳಿದರು:

"ಲ್ಯಾನ್ಸಿ, ಒಬ್ಬನನ್ನು ನನ್ನ ಆಫೀಸಿನಲ್ಲಿ ಮಲಗಿಸಿ. ಇಷ್ಟು ಜನ ಇಲ್ಲಿ ಬೇಡ. ಗೆಸ್ಟ್‌ಗಳು ಕುಳಿತಿದ್ದಾರೆ."

ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು ಎದ್ದು ಬಂದರು. ನಗರದ ರಿಗ್ಗೈಯಿಂದ ಗಂಡ, ಮಗಳೊಂದಿಗೆ ಮದುವೆಯ ಇಪ್ಪತ್ತೈದನೇ ವರ್ಷ ಆಚರಿಸಲು ಬಂದಿದ್ದ ಐರಿನ್. ಆಸ್ಪತ್ರೆಯೊಂದರಲ್ಲಿ ನರ್ಸ್, ನಮ್ಮ ಊರಿನ ಕಡೆಯವರೇ. ಅವರು ಮ್ಯಾನೇಜರ್ ಕಡೆ ನೋಡಲೇ ಇಲ್ಲ. ನಜೀರನ ಕುತ್ತಿಗೆಗೆ ಕೈಯಿಟ್ಟು ನೋಡಿ ನನಗೆ ಹೇಳಿದರು.

"ಇದು ಹೀಟ್ ಸ್ಟ್ರೋಕ್. ನೆಲದಲ್ಲೇ ಮಲಗಿಸಿ, ಅಂಗಿ ತೆಗೀರಿ. ಐಸ್ ಎಷ್ಟು ಉಂಟು ಅಷ್ಟೂ ತರ್ಲಿಕ್ಕೆ ಹೇಳಿ. ಆಂಬುಲೆನ್ಸ್‌ಗೆ ಫೋನ್ ಮಾಡಿದ್ರಾ?"

"ಈಗ ಮಾಡ್ತೇನೆ."

"ಬೇಗ. ಬಾಗಿಲಲ್ಲಿ ನಿಂತವರಿಗೆ ಸ್ವಲ್ಪ ಆಚೆ ಹೋಗ್ಲಿಕ್ಕೆ ಹೇಳಿ."

ಮ್ಯಾನೇಜರ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಸರಿದರು.

ಫೋನ್ ಮಾಡಿ ಪ್ಯಾನೆಲ್ ಕೋಣೆಗೆ ಓಡಿದೆ. ಅಲ್ಲಿ ಗಾಜಿನ ಹಿಂದೆ ಆ ಪಟ್ಟಿ ಅಂಟಿಸಿತ್ತು. ಮೊದಲು ಕತ್ತರಿಸಬೇಕಾದದ್ದು ಈಜುಕೊಳದ ಪಂಪು, ತೋಟದ ದೀಪ. ಎರಡನೆಯದು ಸಿಬ್ಬಂದಿಯ ಕ್ಯಾಬಿನ್. ಆಮೇಲೆ ಲಾಂಡ್ರಿ. ಕೊನೆಗೆ ಅತಿಥಿಗಳ ಕೋಣೆ. ಕೆಳಗೆ ನನ್ನದೇ ಸಹಿ. ಎರಡು ವರ್ಷ ಹಿಂದೆ ತಂಪಾದ ಆಫೀಸಿನಲ್ಲಿ ಕುಳಿತು, ಚಹಾ ಕುಡಿಯುತ್ತ, ನಾನೇ ಬರೆದದ್ದು. ಲಾಂಡ್ರಿಯ ಬಟ್ಟೆಗೂ ಮೊದಲು ಮನುಷ್ಯರನ್ನು ಕತ್ತರಿಸಿದ್ದೆ. ಬರೆಯುವಾಗ ಅದು ಮನುಷ್ಯರೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅದು ಒಂದು ಫೀಡರ್ ಲೈನಿನ ನಂಬರ್ ಅಷ್ಟೆ.

ಕಾದ ಕ್ಯಾಬಿನ್‌ಗಳು ಬೇಗ ತಂಪಾಗುವಂತಿರಲಿಲ್ಲ, ಎಲ್ಲರಿಗೂ ಹಾಲ್ ಒಂದೇ ಸಾಕಾಗಬೇಕಿತ್ತು. ಪ್ಯಾನೆಲನ್ನು ಮ್ಯಾನ್ಯುವಲ್‌ಗೆ ಹಾಕಿ, ಹದಿನಾಲ್ಕು ಕೋಣೆಗಳ ಎಸಿಯನ್ನೂ ನಿಲ್ಲಿಸಿದೆ. ಹಾಲ್ ಮತ್ತು ಅಡುಗೆಮನೆಗೆ ಮಾತ್ರ ವಿದ್ಯುತ್ ಬಿಟ್ಟೆ. ಲಾಗ್ ಪುಸ್ತಕದಲ್ಲಿ ಸಮಯ 2.25 ಎಂದು ನಮೂದಿಸಿ, ನಿರ್ಧಾರ ನನ್ನದು ಎಂದು ಬರೆದು ಸಹಿ ಹಾಕಿದೆ. ಬಳಿಕ ಕೋಣೆ ಕೋಣೆಗೆ ಹೋಗಿ ಅತಿಥಿಗಳನ್ನು ಹಾಲ್‌ಗೆ ಕರೆದೆ. ಹತ್ತೊಂಬತ್ತು ಅತಿಥಿಗಳು, ಇಪ್ಪತ್ತಾರು ಸಿಬ್ಬಂದಿ ಒಂದೇ ಹಾಲ್‌ನಲ್ಲಿ. ಹೆಚ್ಚಿನವರು ಜಾಗ ಮಾಡಿಕೊಟ್ಟರು. ಒಬ್ಬರು ಮಾತ್ರ ತನಗೆ ತನ್ನ ಕೋಣೆಯೇ ಬೇಕೆಂದು ಹಟ ಹಿಡಿದು ಹೋಗಿ, ಹದಿನೈದು ನಿಮಿಷದಲ್ಲಿ ದಿಂಬಿನ ಸಮೇತ ಮರಳಿದರು.

ಧೂಳಿನಿಂದಾಗಿ ಆಂಬುಲೆನ್ಸ್ ಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಐರಿನ್ ಮತ್ತು ಅವರ ಮಗಳು ಒದ್ದೆ ಟವೆಲ್ ಬದಲಿಸುತ್ತಿದ್ದರು, ಅಶ್ರಫ್ ಮೆನು ಕಾರ್ಡಿನಿಂದ ಗಾಳಿ ಬೀಸುತ್ತಿದ್ದ. ಮೂರು ಗಂಟೆಯ ಸುಮಾರಿಗೆ ನಜೀರ್ ಕಣ್ಣು ಬಿಟ್ಟು, ಒಲೆ ಆರಿಸಿದಿರಾ ಎಂದು ಹಿಂದಿಯಲ್ಲಿ ಕೇಳಿದ. ಐರಿನ್ ಅವನ ಹಣೆಯ ಮೇಲೆ ಇನ್ನೊಂದು ಒದ್ದೆ ಟವೆಲ್ ಇಟ್ಟರು.

ಸಂಜೆ ಏಳೂ ನಲವತ್ತಕ್ಕೆ ಹೊಸ ಜಾಯಿಂಟ್ ಕೂಡಿಸಿ ಕರೆಂಟು ಕೊಟ್ಟೆವು.

ಭಾನುವಾರ ಮಾಲೀಕರು ನನ್ನನ್ನು ನಗರದ ಆಫೀಸಿಗೆ ಕರೆಸಿದರು. ಕಡಿಮೆ ಮಾತಿನ ಕುವೈತಿ ಹಿರಿಯರು. ಮುಂದೆ ಲಾಗ್ ಪುಸ್ತಕ ತೆರೆದಿತ್ತು.

"ಅತಿಥಿಗಳ ಎಸಿ ನಿಲ್ಲಿಸಿದ್ದು ಯಾರು?"

"ನಾನು."

"ಜಾಯಿಂಟ್ ಬಿಸಿಯಾಗುತ್ತಿದ್ದದ್ದು ಗೊತ್ತಿತ್ತೇ?"

"ಗೊತ್ತಿತ್ತು, ಸರ್."

ಎರಡನೆಯದಕ್ಕೆ ವಾರ್ನಿಂಗ್ ಲೆಟರ್ ಕೊಟ್ಟರು. ಮೊದಲನೆಯದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಆ ತೀರ್ಪು ಸರಿಯಾಗಿತ್ತೆಂದೇ ನಾನು ಇಂದಿಗೂ ತಿಳಿದಿದ್ದೇನೆ.

ನಜೀರ್ ಹನ್ನೊಂದು ದಿನಗಳ ನಂತರ ಕೆಲಸಕ್ಕೆ ಬಂದ. ಕೃತಜ್ಞತೆ ಹೇಳಲು ನನ್ನ ಬಳಿ ಬಂದವನು ಹೊರಡುವ ಮುನ್ನ ಕೇಳಿದ:

"ಸಾಬ್, ಒಂದು ಮಾತು. ಕರೆಂಟು ನಮ್ಮ ಕಡೆಯದೇ ಮೊದಲು ಯಾಕೆ ಹೋಯಿತು?"

ತಪ್ಪನ್ನು ಯಂತ್ರದ ಮೇಲೆ ಹಾಕಬಹುದಿತ್ತು. ಅವನು ನಂಬುತ್ತಿದ್ದ ಕೂಡ.

"ನಾನು ಹಾಗೆ ಬರೆದಿಟ್ಟಿದ್ದೆ, ನಜೀರ್ ಭಾಯಿ."

ಅವನು "ಖಲಾಸ್, ಸಾಬ್" ಎಂದು ಹೇಳಿ ಬೇಕರಿಯ ಕಡೆ ನಡೆದ. ಕ್ಷಮಿಸಿದನೋ, ಮಾತು ಮುಗಿಸಿದನೋ ತಿಳಿಯಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಈಗ ನಾನು ನಿವೃತ್ತ. ಹೊಸ ಕಟ್ಟಡಗಳ ಪವರ್ ಪ್ಲ್ಯಾನ್ ನೋಡಿಕೊಡಿ ಎಂದು ಆಗಾಗ ಕರೆಯುತ್ತಾರೆ. ಎಳೆಯ ಎಂಜಿನಿಯರುಗಳು ಕಂಪ್ಯೂಟರ್ ತೆರೆದು ಅಂದವಾದ ನಕಾಶೆ ತೋರಿಸುತ್ತಾರೆ. ನಾನು ಕಿಲೋವ್ಯಾಟ್ ಕೇಳುವುದು ಆಮೇಲೆ. ಮೊದಲು ಒಂದೊಂದು ಲೈನಿನ ಮೇಲೂ ಬೆರಳಿಟ್ಟು ಕೇಳುತ್ತೇನೆ: ಮಧ್ಯಾಹ್ನ ಎರಡು ಗಂಟೆಗೆ ಇದರ ತುದಿಯಲ್ಲಿ ಯಾರು ಮಲಗಿರುತ್ತಾರೆ?